ಪಡಸಾಲೆಗೆ ಬಂದ ಉಕ್ಕಿನ ರಾಜ

ಚಿತ್ರ ಬರೆಯುವವನಿಗೆ ಹೊಗಳಿಕೆ ಬೇಡ ಎನ್ನುವವರನ್ನು ನಾನು ನಂಬುವುದಿಲ್ಲ. ನನಗಂತೂ ಬೇಕು, ಸ್ವಲ್ಪ ಸುಳ್ಳು ಬೆರೆತಿದ್ದರೂ ನಡೆಯುತ್ತದೆ. ಯಲಬುರ್ಗಾದ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿ ಇಪ್ಪತ್ತು ವರ್ಷ ಮಾವಿನಕಾಯಿ, ತಂಬಿಗೆ ಬರೆಸಿದ ಮೇಲೆ ಒಮ್ಮೆ ದೊಡ್ಡದೇನಾದರೂ ಬರೆಯಬೇಕೆನಿಸಿತು. ಹಳೆಯ ಪುಸ್ತಕವೊಂದರಲ್ಲಿ ಯುರೋಪಿನ ಯಾವನೋ ರಾಜ ಸಿಕ್ಕ. ಹೆಗಲ ತನಕ ಗುಂಗುರು ಕೂದಲು, ಬೆನ್ನಿಗೆ ಕೆಂಪು ಮಖಮಲ್ಲು, ಕುತ್ತಿಗೆಯಿಂದ ತೊಡೆಯವರೆಗೆ ಫಳಫಳ ಹೊಳೆಯುವ ಉಕ್ಕಿನ ಕವಚ. ಹಿಂದೆ ಯುದ್ಧ ನಡೆದಿದೆ, ಇವನ ಮುಖದಲ್ಲಿ ಮಾತ್ರ ಈಗಷ್ಟೇ ಹೋಳಿಗೆ ಊಟ ಮುಗಿಸಿದ ಕಳೆ. ಅವನಿಗೂ ನನ್ನಂಥ ಹೊಟ್ಟೆಯಿದ್ದು, ಅದನ್ನು ಮುಚ್ಚಲೆಂದೇ ಕವಚ ತೊಟ್ಟಿರಬೇಕೆಂದು ನನ್ನ ಗುಮಾನಿ.

ಆ ಹೊಳಪು ತರಲು ಮೂರು ತಿಂಗಳು ಒದ್ದಾಡಿದೆ. ಉಕ್ಕಿನ ಮೇಲೆ ಬೆಳಕು ಹೇಗೆ ಬೀಳುತ್ತದೆಂದು ನೋಡಲು ಅಡುಗೆಮನೆಯ ಸ್ಟೀಲ್ ಕೊಡವನ್ನು ಕಿಟಕಿಯ ಬಳಿ ಇಟ್ಟುಕೊಂಡಿದ್ದೆ. "ನಳ ಬಂದಾವ್ರಿ, ನಿಮ್ಮ ರಾಜಾಗ ಒಂದ್ ತಾಸು ತಡಿ ಅನ್ರಿ" ಎಂದು ಹೆಂಡತಿ ಶಾರದಾ ಅದನ್ನು ಎತ್ತಿಕೊಂಡು ಹೋಗುತ್ತಿದ್ದಳು. ಚಿತ್ರ ಮುಗಿದು ಕಟ್ಟು ಹಾಕಿಸಿ ತಂದರೆ ಪಡಸಾಲೆಯಲ್ಲಿ ಜಾಗ ಕೊಡಲಿಲ್ಲ. "ಅಲ್ಲಿ ತೀರಿಕೊಂಡ ಹಿರ್ಯಾರ ಫೋಟೊ ಅದಾವ. ಇಂವ ನಿಮಗ ಏನಾಗಬೇಕ್ರಿ ಅಂತ ಬಂದವರು ಕೇಳಿದ್ರ ನಾ ಏನ್ ಹೇಳ್ಲಿ?" ಎಂದಳು. ರಾಜ ಒಳಕೋಣೆಯ ಬಾಗಿಲ ಹಿಂದೆ ಗೋಡೆಗೆ ಒರಗಿ ನಿಂತ. ನನಗೆ ನಿಜಕ್ಕೂ ಬೇಜಾರಾಯಿತು.

ಅಷ್ಟರಲ್ಲಿ ಮಹಾನವಮಿಯ ಖಂಡೇಪೂಜೆ, ಅಂದರೆ ಆಯುಧಪೂಜೆ ಬಂತು. ಅಂದು ಮನೆಯ ಕಬ್ಬಿಣವೆಲ್ಲ ಮೈ ತೊಳೆದುಕೊಂಡು ಪಡಸಾಲೆಯಲ್ಲಿ ಸಾಲಾಗಿ ಕೂರುತ್ತದೆ. ಅವ್ವ ಕುಡುಗೋಲು, ಕುರ್ಪಿ, ಈಳಿಗೆ, ನನ್ನ ಬೈಕು ಎಲ್ಲಕ್ಕೂ ವಿಭೂತಿ ಹಚ್ಚಿ ನೆಟ್ಟಗೆ ಒಳಕೋಣೆಗೆ ಹೋದಳು. "ಇವನ ಮೈತುಂಬ ಕಬ್ಬಿಣ ಐತಿ. ಬಿಟ್ರ ನಡಿತೈತೇನು?" ಎಂದು ರಾಜನನ್ನು ಹೊರಗೆ ತರಿಸಿ, ಎದೆಗವಚದ ಮೇಲೆ ಮೂರು ಬೆರಳು ಎಳೆದು, ಕುಂಕುಮವಿಟ್ಟಳು. ಅವ್ವನ ಕಣ್ಣಿಗೆ ನನ್ನ ಬಣ್ಣ ಕಬ್ಬಿಣವಾಗಿ ಕಂಡಿತ್ತು. ಕಲಾವಿದನಿಗೆ ಇನ್ನೇನು ಬೇಕು? ಪೂಜೆಯಾದದ್ದನ್ನು ಮತ್ತೆ ಬಾಗಿಲ ಹಿಂದೆ ಇಡಲು ಶಾರದಾಗೂ ಮನಸ್ಸಾಗಲಿಲ್ಲ. ತಾನೇ ಮೊಳೆ ಹುಡುಕಿ ಕೊಟ್ಟಳು.

ಸಂಜೆ ಅವ್ವನ ಪಕ್ಕ ಕುಳಿತು ಮೆಲ್ಲಗೆ ಕೆದಕಿದೆ. "ಅವ್ವಾ, ಖರೇ ಕಬ್ಬಿಣ ಅನಿಸ್ತೇನು?"

"ಮೂರು ತಿಂಗಳ ನೀ ಬಣ್ಣ ಬಳಿದಿದ್ದು ನಾ ನೋಡಿಲ್ಲೇನೋ ತಮ್ಮಾ?" ಎಂದಳು ಅವ್ವ, ಅಡಿಕೆ ಕತ್ತರಿಸುತ್ತ. "ನಿನ್ನ ಸಪ್ಪನ ಮಾರಿ ನೋಡಾಕ ಆಗಲಿಲ್ಲ. ಪೂಜಿ ಮಾಡದಿದ್ರ ನಿನ್ನ ಹೆಂಡ್ತಿ ಪಡಸಾಲ್ಯಾಗ ಹಾಕಾಕ ಬಿಡ್ತಿದ್ದಳೇನು?"

ಅಮಾವಾಸ್ಯೆಗೊಮ್ಮೆ ಅವ್ವ ರಾಜನ ಕವಚಕ್ಕೆ ಹೊಸ ವಿಭೂತಿ ಎಳೆಯುತ್ತಾಳೆ. ನನ್ನ ಮೂರು ತಿಂಗಳ ಹೊಳಪೆಲ್ಲ ಈಗ ಅದರ ಕೆಳಗಿದೆ. ಒರೆಸಲು ಕೈ ಬರುವುದಿಲ್ಲ. ಕವಚ ಹೇಗೆ ಹೊಳೆಯುತ್ತಿತ್ತೆಂದು ಬಂದವರಿಗೆ ಬಾಯಲ್ಲೇ ಹೇಳುತ್ತೇನೆ.