ಯಾವ ಗುಂಪಿಗೂ ಸೇರದ ಸೋದರಮಾವ

ಮಗಳ ನಿಶ್ಚಿತಾರ್ಥಕ್ಕೆ ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬ ತಲೆನೋವು ಎಲ್ಲರಿಗೂ ಇರುತ್ತದೆ. ನನಗಿರಲಿಲ್ಲ. ನಾನು ಸಂಖ್ಯಾಶಾಸ್ತ್ರದ ಮೇಷ್ಟ್ರು!

ಸರಸ್ವತಿ ನಗರದ ನಮ್ಮ ಮನೆಯ ತಾರಸಿಯಲ್ಲಿ ಬೇಕಾದವರೆಲ್ಲ ಹಿಡಿಸುವಂತಿರಲಿಲ್ಲ. ಆದ್ದರಿಂದ 'ಸ್ತರೀಕೃತ ಯಾದೃಚ್ಛಿಕ ಮಾದರಿ ವಿಧಾನ'ವನ್ನು ಜಾರಿಗೆ ತಂದೆ. ಅಂದರೆ, ಮೊದಲು ಜನರನ್ನು ಗುಂಪು ಮಾಡುವುದು: ನೆರೆಹೊರೆಯವರು, ಮಂಡಿಪೇಟೆಯ ವ್ಯಾಪಾರಸ್ಥರು, ಹರಿಹರದ ಕಡೆಯ ನೆಂಟರು. ಆಮೇಲೆ ಗುಂಪಿಗೊಂದು ಡಬ್ಬಿಯಲ್ಲಿ ಹೆಸರಿನ ಚೀಟಿ ಹಾಕಿ, ದೊಡ್ಡ ಗುಂಪಿನಿಂದ ಹೆಚ್ಚು, ಚಿಕ್ಕದರಿಂದ ಕಡಿಮೆ ಎತ್ತುವುದು. ಪಕ್ಷಪಾತದ ಮಾತೇ ಇಲ್ಲ!

"ನೆಂಟರಿಗೂ ಚೀಟಿ ಎತ್ತತಾರೇನ್ರಿ?" ಹೆಂಡತಿ ಗಿರಿಜಾ ಹಣೆ ಚಚ್ಚಿಕೊಂಡಳು. "ನಮ್ ರುದ್ರೇಶನ್ನ ಮಾತ್ರ ಬಿಡಬ್ಯಾಡ್ರಿ. ಹುಡುಗಿಗೆ ಸೋದರಮಾವ ಅವ್ನು. ಭಾವ ಬಂದು ಕರೀಲಿ ಅಂತ ಕಾಯ್ತಿರ್ತಾನೆ."

"ಚೀಟಿ ಬರದಿದ್ರೂ ಕರೀತೀನಿ. ನನಗೆ ಬಿಡು" ಎಂದೆ.

ಮಾತಿಗೆ ತಪ್ಪುವವನಲ್ಲ ನಾನು. ಚೀಟಿ ಎತ್ತಿದ ಮೇಲೆ ಡಬ್ಬಿಗಳಲ್ಲಿ ಉಳಿದವನ್ನು ಒಂದೊಂದಾಗಿ ಬಿಚ್ಚಿ ನೋಡಿದೆ. ರುದ್ರೇಶನ ಹೆಸರಿರಲಿಲ್ಲ. ಆಯ್ಕೆಯಾಗಿದ್ದಾನೆ ಎಂದು ನಿರಾಳನಾದೆ. ಆಯ್ಕೆಯಾದವರನ್ನು ಕರೆಯಲು ನನ್ನ ಅಣ್ಣ ಹೊರಟ.

ನಿಶ್ಚಿತಾರ್ಥದ ದಿನ ಬೀಗರ ಕಡೆಯ ಹಿರಿಯರು ತಾಂಬೂಲದ ತಟ್ಟೆ ಹಿಡಿದು, "ಎಲ್ರಿ ಹುಡುಗಿ ಸೋದರಮಾವ? ಕರೀರಿ" ಎಂದರು.

ಸೋದರಮಾವ ಇರಲಿಲ್ಲ!

"ರುದ್ರೇಶನ ಹೆಸರು ನನಗೆ ಕೊಟ್ಟೇ ಇಲ್ಲಲ್ಲೋ. ನೀನೇ ಕರ್ದಿರ್ತೀಯ ಅಂದ್ಕೊಂಡೆ" ಎಂದ ಅಣ್ಣ.

ಆಗ ತಲೆಗೆ ಹೊಳೆಯಿತು. ಒಬ್ಬನ ಹೆಸರು ಎರಡು ಗುಂಪಿನಲ್ಲಿ ಬರಬಾರದೆಂಬುದು ನಿಯಮ. ರುದ್ರೇಶನ ಅಂಗಡಿ ಮಂಡಿಪೇಟೆಯಲ್ಲಿದೆಯೆಂದು ಅವನನ್ನು ನೆಂಟರಿಂದ ತೆಗೆದಿದ್ದೆ. ಮನೆ ಹರಿಹರದ ಕಡೆಯ ಕಡರನಾಯಕನಹಳ್ಳಿ, ಹೇಗೂ ನೆಂಟನಲ್ಲವೇ ಎಂದು ವ್ಯಾಪಾರಸ್ಥರಿಂದಲೂ ತೆಗೆದಿದ್ದೆ! ವಿದ್ಯಾರ್ಥಿ ಯಾರಾದರೂ ಹೀಗೆ ಮಾಡಿದ್ದರೆ ಸೊನ್ನೆ ಸುತ್ತುತ್ತಿದ್ದೆ.

ಮಗಳಿಗೆ ಸೀರೆ ಉಡಿಸಬೇಕಾದ ಮಾವನ ಜಾಗದಲ್ಲಿ, ಚೀಟಿಯಲ್ಲಿ ಬಂದ ದೂರದ ನೆಂಟನೊಬ್ಬ ನಿಂತ. ಮಗಳು ತಲೆ ಎತ್ತಲಿಲ್ಲ. ಗಿರಿಜಾ ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ, ಅವಳು ಊಟದ ಸಾಲಿನಲ್ಲಿ ರುದ್ರೇಶನ ಹೆಸರಿಗೆ ಒಂದು ಖಾಲಿ ಎಲೆ ಹಾಕಿಸಿದಳು. ನನಗೆ ಊಟ ಸೇರಲಿಲ್ಲ.

ಮರುದಿನ ಮಂಡಿಪೇಟೆಯ ಅವನ ಗೋಣಿಚೀಲದ ಅಂಗಡಿಗೆ ಹೋಗಿ ಎಲ್ಲವನ್ನೂ ವಿವರಿಸಿದೆ. ರುದ್ರೇಶ ಪೂರ್ತಿ ಕೇಳಿಸಿಕೊಂಡ.

"ಚೀಟಿ ಬರ್ಲಿಲ್ಲ ಅಂದಿದ್ರೆ ನನ್ ನಸೀಬು ಅಂತಿದ್ದೆ ಭಾವ. ಡಬ್ಬಿಯಾಗೇ ಹಾಕ್ಲಿಲ್ಲಲ್ರಿ!"

ಬಂದವರಿಗೆಲ್ಲ ಕೂಡ್ರಿ ಎನ್ನುವವನು ನನಗೆ ಹೇಳಲಿಲ್ಲ.

"ಈಗ ಗಿರಾಕಿ ಅಂತ ಬಂದೀರೋ, ನೆಂಟ್ರು ಅಂತ ಬಂದೀರೋ?"

ನೆಂಟ ಎನ್ನಲು ನಾಲಿಗೆ ಏಳಲಿಲ್ಲ. ಒಂದು ಗೋಣಿಚೀಲ ಕೊಂಡೆ. ದೊಡ್ಡದೇ ಕೊಟ್ಟ. ಮುಖ ಮುಚ್ಚಿಕೊಳ್ಳಲು ಅದೂ ಸಾಲಲಿಲ್ಲ!