ಸದರಿಯವರು

ಹದಿನೆಂಟು ವರ್ಷದಿಂದ ಕಂಡವರ ಬಾಡಿಗೆ ಕರಾರನ್ನೆಲ್ಲ ಟೈಪ್ ಮಾಡಿಕೊಟ್ಟು ಬದುಕುತ್ತಿದ್ದ ಟೈಪಿಸ್ಟ್, ತನ್ನ ಸ್ವಂತ ಮನೆಯ ಕರಾರನ್ನು ಮೊದಲ ಸಲ ಓದಿದ್ದು ಅಂದು ಬೆಳಿಗ್ಗೆ ಹಲ್ಲುಜ್ಜುವಾಗ. ಅದನ್ನು ಟೈಪ್ ಮಾಡಿದವನೂ ಅವನೇ. ಆದರೆ ಬೆರಳುಗಳು ಕೀಲಿಗಳ ಮೇಲೆ ಓಡುವಾಗ ಅವನ ತಲೆ ಸಾಮಾನ್ಯವಾಗಿ ಊಟದ ಡಬ್ಬಿಯ ಸುತ್ತ ಸುಳಿಯುತ್ತಿರುತ್ತಿತ್ತು. ಹನ್ನೊಂದನೇ ಷರತ್ತಿಗೆ ಬಂದವನೇ ಬಾಯಲ್ಲಿದ್ದ ನೊರೆಯನ್ನು ನುಂಗಿಬಿಟ್ಟ.

"ಮಾಲೀಕರ ಲಿಖಿತ ಒಪ್ಪಿಗೆ ಇಲ್ಲದೆ ಮನೆಯ ಯಾವುದೇ ಭಾಗವನ್ನು ಒಳಬಾಡಿಗೆಗೆ ಕೊಡತಕ್ಕದ್ದಲ್ಲ. ಕೊಟ್ಟಲ್ಲಿ ಮನೆಯನ್ನು ಕೂಡಲೇ ಖಾಲಿ ಮಾಡತಕ್ಕದ್ದು."

ಹಿಂದಿನ ಕೋಣೆಯಲ್ಲಿ ಎರಡು ತಿಂಗಳಿಂದ ಗಡಿಯಾರ ರಿಪೇರಿಯವನೊಬ್ಬ ಒಳಬಾಡಿಗೆಗಿದ್ದ. ಮನೆಯೊಡತಿ ಈಗ ತಾನೇ ಫೋನ್ ಮಾಡಿ, ಹತ್ತೂವರೆಗೆ ಗೋಡೆಯ ತೇವ ನೋಡಲು ಬರುತ್ತೇನೆ, ಕರಾರು ತೆಗೆದಿಡಿ ಎಂದಿದ್ದರು. ಆಕೆ ನಿವೃತ್ತ ಮುಖ್ಯೋಪಾಧ್ಯಾಯಿನಿ. ಮೂವತ್ತು ವರ್ಷ ವ್ಯಾಕರಣ ಕಲಿಸಿ, ಈಗ ಬಾಡಿಗೆದಾರರನ್ನೂ ಏಳನೇ ತರಗತಿಯ ಹಿಂದಿನ ಬೆಂಚಿನವರೆಂದೇ ತಿಳಿದವರು.

"ಈ ಮನೆ ಹೋದ್ರೆ ನನ್ನ ಗತಿ ಏನ್ರೀ?" ಎಂದಳು ಹೆಂಡತಿ, ಹೊಲಿಗೆ ಯಂತ್ರದ ಮುಂದಿನಿಂದ ಏಳದೆಯೇ. "ನನ್ನ ಗಿರಾಕಿಗಳೆಲ್ಲ ಈ ಬೀದಿಯೋರೇ. ಇದನ್ನ ಹುಡುಕೋಕೇ ಏಳು ತಿಂಗಳು ಅಲೆದಿದ್ವಿ." ಅವಳ ದನಿ ಒಡೆದಿತ್ತು.

ಅವನು ಹಿಂದಿನ ಕೋಣೆಗೆ ಓಡಿದ. ಗಡಿಯಾರದವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಮುಳ್ಳು ಜೋಡಿಸುತ್ತಿದ್ದ. ಗೋಡೆಯ ತುಂಬ ಇಪ್ಪತ್ತೇಳು ಗಡಿಯಾರಗಳು, ಇಪ್ಪತ್ತೇಳು ಮೊಳೆಗಳು.

"ನಾನು ಆವತ್ತೇ ಕೇಳ್ದೆನಲ್ಲ ಸ್ವಾಮಿ, ಒಡತಿಯ ಒಪ್ಪಿಗೆ ಇದೆಯಾ ಅಂತ," ಎಂದ ಅವನು ತಲೆ ಎತ್ತದೆ. "ನೀವು 'ಅದೆಲ್ಲ ಇರುತ್ತೆ ಬಿಡಿ' ಅಂದ್ರಿ. ಈಗ ನಾನು ಹೊಡೆದ ಮೊಳೆಗೆ ಅವರ ಹತ್ರ ಉತ್ತರ ಹೇಳ್ಬೇಕಾದೋರು ನೀವು. ಈ ಕೋಣೆ ಸೋರಿದ್ರೆ ನನಗೆ ಉತ್ತರ ಹೇಳ್ಬೇಕಾದೋರೂ ನೀವೇ. ಆ ಕಡೆಗೆ ನೀವು ಬಾಡಿಗೆದಾರರು, ಈ ಕಡೆಗೆ ನೀವೇ ಮಾಲೀಕರು."

"ಪಾಠ ಆಮೇಲೆ ಹೇಳಿ ಮಾರಾಯ್ರೇ. ಇದು ಸಾಮಾನು ತುಂಬೋ ಕೋಣೆ. ಬಾಗಿಲು ಹಾಕ್ಕೊಂಡು ಉಸಿರೆತ್ತದೆ ಕೂತಿರಿ, ಅಷ್ಟೇ."

ಹೊರಗೆ ಬಂದರೆ ಎದುರುಮನೆಯ ಸಾಕ್ಷಿ ಮಾವ ಕಿಟಕಿಗೆ ಮುಖ ಅಂಟಿಸಿ ನಿಂತಿದ್ದ. ಬೀದಿಯಲ್ಲಿ ಯಾರ ಮದುವೆಯಾಗಲಿ, ಯಾರ ಕ್ರಯವಾಗಲಿ, ಸಾಕ್ಷಿ ಹಾಕಲು ಜೇಬಿನಲ್ಲಿ ಪೆನ್ನು ಇಟ್ಟುಕೊಂಡೇ ತಿರುಗುವ ಆಸಾಮಿ. "ಒಳಬಾಡಿಗೆ ವಿಷಯನಾ? ಹೆದರ್ಬೇಡ," ಎಂದು ಧೈರ್ಯ ಹೇಳಿದ. "ಹೆಚ್ಚು ಅಂದ್ರೆ ನಿಮ್ಮನ್ನ ಸಾಮಾನು ಸಮೇತ ಬೀದಿಗೆ ಹಾಕ್ತಾರೆ. ನಾನಿದ್ದೀನಲ್ಲ, ನೋಡ್ತಿರ್ತೀನಿ."

ಹತ್ತೂವರೆಗೆ ಬರಬೇಕಾದ ಮುಖ್ಯೋಪಾಧ್ಯಾಯಿನಿ ಬಂದದ್ದು ಹನ್ನೊಂದಕ್ಕೆ ಎರಡು ನಿಮಿಷ ಇರುವಾಗ. ಗೋಡೆ ಮುಟ್ಟಿ ನೋಡಿದರು, ನಲ್ಲಿ ತಿರುಗಿಸಿದರು, ಹಿಂದಿನ ಕೋಣೆಯ ಬಾಗಿಲ ಮುಂದೆ ನಿಂತರು.

"ಇದರಲ್ಲೇನಿದೆ?"

"ಹಳೇ ಸಾಮಾನು ಮೇಡಂ. ಒಂದು ಕೆಟ್ಟ ಗಡಿಯಾರ..."

ಮಾತು ಮುಗಿಯುವ ಮೊದಲೇ ಹನ್ನೊಂದಾಯಿತು. ಒಳಗೆ ಢಣ್ ಎಂದಿತು, ಕುಕ್ಕೂ ಎಂದಿತು, ಟಿಣ್ ಟಿಣ್ ಎಂದಿತು. ಒಂದು ಮುಗಿಸಿದರೆ ಇನ್ನೊಂದು ಹಿಡಿದುಕೊಂಡಿತು. ಮುಖ್ಯೋಪಾಧ್ಯಾಯಿನಿ ಎಲ್ಲವೂ ಅಡಗುವ ತನಕ ಕೈಕಟ್ಟಿ ಕಾದರು.

"ಹನ್ನೊಂದು ಗಂಟೆಗೆ ಹನ್ನೊಂದು ಸಲ ಹೊಡೀಬೇಕು. ಇದು ಮುನ್ನೂರರ ಹತ್ರ ಹೊಡೀತು," ಎನ್ನುತ್ತಾ ಬಾಗಿಲು ತಳ್ಳಿದರು. ಗಡಿಯಾರದವನು ಎದ್ದು ಕೈಮುಗಿದ.

"ಯಾರಿವರು?"

"ನನ್ನ ತಮ್ಮ!" ಎಂದ ಟೈಪಿಸ್ಟ್.

"ನನ್ನ ತಮ್ಮ!" ಎಂದಳು ಅದೇ ಕ್ಷಣಕ್ಕೆ ಹಿಂದಿನಿಂದ ಬಂದ ಹೆಂಡತಿ.

ಮುಖ್ಯೋಪಾಧ್ಯಾಯಿನಿ ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿದರು. "ಇವನಿಗೂ ತಮ್ಮ, ಅವಳಿಗೂ ತಮ್ಮ. ಹಾಗಾದ್ರೆ ನೀವಿಬ್ರೂ ಒಬ್ಬರಿಗೊಬ್ಬರು ಏನಾದ್ರಿ?"

"ಹಾಗಲ್ಲ ಮೇಡಂ, ಇವಳ ತಮ್ಮ ಅಂದ್ರೆ ನನಗೆ ಭಾವಮೈದ, ಪ್ರೀತಿಗೆ ತಮ್ಮ ಅಂತ..."

"ಅವಳು ಒಬ್ಬಳೇ ಮಗಳು," ಎಂದು ಕಿಟಕಿಯಿಂದ ದನಿ ಬಂತು. "ಇವನಿಗೂ ತಮ್ಮ ಇಲ್ಲ. ಮದುವೆಗೆ ನಾನೇ ಸಾಕ್ಷಿ."

ಟೈಪಿಸ್ಟನ ಮುಖ ಬಿಳಿ ಹಾಳೆಯಂತಾಯಿತು. ಗಡಿಯಾರದವನು ಮಾತ್ರ ಶಾಂತವಾಗಿ, "ನಾನು ಯಾರ ತಮ್ಮನೂ ಅಲ್ಲ ಮೇಡಂ. ಒಳಬಾಡಿಗೆಯವನು, ನಿಮ್ಮ ಒಪ್ಪಿಗೆ ಇದೆಯಾ ಅಂತ ಕೇಳಿಯೇ ಬಂದೋನು. ಮೊಳೆ ಹೊಡೆದೋನು ನಾನೇ, ಹೋಗುವಾಗ ಎಲ್ಲಾ ತೂತು ಮುಚ್ಚಿ ಸುಣ್ಣ ಬಳಿದು ಹೋಗ್ತೀನಿ," ಎಂದ.

ಹೆಂಡತಿ ಅತ್ತೇಬಿಟ್ಟಳು. "ತಪ್ಪಾಯ್ತು ಮೇಡಂ. ಈ ಮನೆ ಒಂದು ಕಿತ್ಕೋಬೇಡಿ."

ಮುಖ್ಯೋಪಾಧ್ಯಾಯಿನಿ ಕುರ್ಚಿ ಎಳೆದುಕೊಂಡು ಕುಳಿತರು. "ಇರಲಿ. ಕೇಳಿದ್ರೆ ನಾನು ಬೇಡ ಅಂತಿರ್ಲಿಲ್ಲ. ಒಪ್ಪಿಗೆ ಬರೆದುಕೊಡ್ತೀನಿ. ಆದ್ರೆ ಹೊಣೆ ಒಬ್ಬರ ತಲೆ ಮೇಲೇ ಇರ್ಬೇಕು. ಟೈಪ್ ಮಾಡಿ," ಎಂದರು.

ಟೈಪಿಸ್ಟನಿಗೆ ಹೋದ ಜೀವ ಬಂದಂತಾಯಿತು. ಯಂತ್ರಕ್ಕೆ ಛಾಪಾ ಕಾಗದ ಏರಿಸಿ ಕೂತ. ಬೆರಳುಗಳು ಕುಣಿದವು, ತಲೆ ಆನಂದದಲ್ಲಿ ತೇಲಿತು. ಉದ್ದನೆಯ ಹೆಸರುಗಳನ್ನು ಮತ್ತೆ ಮತ್ತೆ ಬಡಿಯುವ ಕಷ್ಟ ಬೇಡವೆಂದು ಅವನು ಎಲ್ಲ ಪತ್ರಗಳಲ್ಲೂ 'ಸದರಿಯವರು' ಎಂದೇ ಹಾಕುತ್ತಿದ್ದ. ಸದರಿಯವರು ಅಂದರೆ ಬಾಡಿಗೆದಾರ, ಇಲ್ಲಿ ಬಾಡಿಗೆದಾರ ಅಂದರೆ ತಾನು. ಹಳೆಯ ಷರತ್ತುಗಳನ್ನೆಲ್ಲ ಹಾಗೆಯೇ ಇಳಿಸಿ, ಕೊನೆಗೆ ರೂಢಿಯಂತೆ 'ಹಿಂದಿನ ಕರಾರು ರದ್ದಾಗಿದೆ' ಎಂಬ ಸಾಲನ್ನೂ ಸೇರಿಸಿ ಕಾಗದ ಎಳೆದುಕೊಟ್ಟ. ಮುಖ್ಯೋಪಾಧ್ಯಾಯಿನಿ ಓದಿದರು. ಹುಬ್ಬು ಒಂದಿಷ್ಟು ಮೇಲೇರಿತು. ಸಹಿ ಹಾಕಿದರು. ಗಡಿಯಾರದವನೂ ಹಾಕಿದ. ಸಾಕ್ಷಿ ಮಾವ ಕಿಟಕಿಯಿಂದಲೇ ಕೈಚಾಚಿ ಹಾಕಿದ. ಪತ್ರ ಬರೆದವನ ಜಾಗದಲ್ಲಿ 'ಬಿಕ್ಕಲಂ' ಎಂದು ಟೈಪಿಸ್ಟ್ ಹದಿನೆಂಟು ವರ್ಷದ ಅಭ್ಯಾಸದಿಂದ ಅಲ್ಲಿ ಮಾತ್ರ ಗತ್ತಿನಿಂದ ತನ್ನ ಹೆಸರು ಗೀಚಿದ.

"ಈಗ ಜೋರಾಗಿ ಓದಿ," ಎಂದರು ಮುಖ್ಯೋಪಾಧ್ಯಾಯಿನಿ.

"ಮಾಲೀಕರ ಒಪ್ಪಿಗೆಯ ಮೇರೆಗೆ ಮನೆಯ ಹಿಂದಿನ ಕೋಣೆಯಲ್ಲಿ ಗಡಿಯಾರ ರಿಪೇರಿಯವರು ವಾಸಿಸುತ್ತಾರೆ. ಸದರಿಯವರು ಇಡೀ ಮನೆಯ ಮೂಲ ಬಾಡಿಗೆದಾರರಾಗಿದ್ದು, ಗೋಡೆ, ನಲ್ಲಿ, ಬಾಗಿಲುಗಳಿಗೆ..." ಅವನು ಅಲ್ಲಿಗೇ ಓದು ನಿಲ್ಲಿಸಿ ಮೇಲಿನ ಸಾಲಿಗೆ ಹಿಂತಿರುಗಿದ.

"ಸದರಿ ಅಂದ್ರೆ ಹಿಂದೆ ಯಾರ ಹೆಸರು ಬಂದಿದೆಯೋ ಅವರು. ಯಾರ ಹೆಸರು ಬಂದಿದೆ?"

"ಗಡಿಯಾರದೋರದ್ದು. ಆದ್ರೆ ಮೇಡಂ, ಅದು ಕೈತಪ್ಪು! ಬೇರೆ ಕಾಗದ ತರ್ತೀನಿ. ಇದರಲ್ಲಿ ನಾನೆಲ್ಲಿದ್ದೀನಿ?"

"ಕೆಳಗಿದ್ದೀರಲ್ಲ, ಬಿಕ್ಕಲಂ," ಎಂದು ಅವರು ಕಾಗದ ಮಡಿಸಿ ಚೀಲಕ್ಕೆ ಹಾಕಿಕೊಂಡರು. "ಬೇಡ, ಇದೇ ಇರಲಿ. ಈ ಮನೇಲಿ ಒಪ್ಪಿಗೆ ಕೇಳಿ ಒಳಗೆ ಬಂದೋರು ಅವರೊಬ್ರೇ, ನಿಜ ಹೇಳಿದೋರೂ ಅವರೊಬ್ರೇ. ನನಗೆ ಇಂಥವರೇ ಹೊಣೆಗಾರರು ಬೇಕು."

ಅವರು ಹೊರಟುಹೋದರು. ಟೈಪಿಸ್ಟ್ ಗಡಿಯಾರದವನ ಕಡೆ ತಿರುಗಿ ಹಲ್ಲುಗಿಂಜಿದ. "ನಾವು ಇಲ್ಲೇ ಇರಬಹುದಲ್ವಾ? ನೀವು ನಮ್ಮೋರೇ ಅಲ್ವಾ..."

"ನನಗೇನೂ ಅಡ್ಡಿ ಇಲ್ಲ ಸ್ವಾಮಿ," ಎಂದ ಅವನು ಸಂಕೋಚದಿಂದ. "ಆದ್ರೆ ಹನ್ನೊಂದನೇ ಷರತ್ತಿನ ಪ್ರಕಾರ ಮೇಡಂ ಅವರ ಲಿಖಿತ ಒಪ್ಪಿಗೆ ಬೇಕು. ಅರ್ಜಿ ಕೊಡಿ, ನಾನೇ ಹೋಗಿ ಕೇಳ್ತೀನಿ."

ಹೆಂಡತಿ ಕಣ್ಣೊರೆಸಿಕೊಂಡು ಬಂದು ಟೈಪ್ ಯಂತ್ರದ ಮುಂದೆ ತಾನೇ ಕುಳಿತಳು. ಒಂದೊಂದೇ ಅಕ್ಷರವನ್ನು ಹುಡುಕಿ, ಬಾಯಲ್ಲಿ ಹೇಳಿಕೊಳ್ಳುತ್ತಾ, ಅರ್ಜಿಯಲ್ಲಿ ತನ್ನ ಹೆಸರನ್ನು ಪೂರ್ತಿಯಾಗಿ ಒತ್ತಿದಳು.

"ನನ್ನದು?" ಎಂದ ಟೈಪಿಸ್ಟ್.

"ಮೊದಲು ನನಗೆ ಒಪ್ಪಿಗೆ ಸಿಗಲಿ ರೀ," ಎಂದಳು ಅವಳು. "ನಿಮ್ಮ ವಿಷಯ ಆಮೇಲೆ ಯೋಚನೆ ಮಾಡೋಣ."