ಬಿಸಿಲಿಗಿಟ್ಟ ಬಣ್ಣದ ನೀರು

ಕೊಳಕು ನೀರಿನ ಬೆನ್ನು ಹತ್ತಿದವನ ಮನೆಗೆ ನಗೆಪಾಟಲು ತಾನಾಗಿಯೇ ಬರುತ್ತದೆ. ನನ್ನ ವಿಳಾಸವನ್ನಂತೂ ಅದು ಒಮ್ಮೆಯೂ ತಪ್ಪಲಿಲ್ಲ.

ತೊಂಬತ್ತರ ದಶಕದ ಕೊನೆ. ಸಿಂದಗಿಯ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಹೇಳುತ್ತ ಪಿಎಚ್.ಡಿ. ಮಾಡುತ್ತಿದ್ದೆ. ಬಣ್ಣದ ಕೊಳಕು ನೀರಿಗೆ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ಹಾಕಿ ಬಿಸಿಲಿಗಿಡುವುದು ನನ್ನ ವಿಷಯ. ಬೆಳಕು ಬಿದ್ದರೆ ಪುಡಿ ಚುರುಕಾಗಿ, ಬಣ್ಣವನ್ನು ಉತ್ಕರ್ಷಿಸಿ ಒಡೆದು, ನೀರು ತಿಳಿಯಾಗಬೇಕು. "ನಿಮ್ಮ ಇಂಡಿ, ಸಿಂದಗಿ ಕಡೆ ಬಿಸಿಲಿಗೇನು ಬರ?" ಎಂದು ಗೈಡ್ ಕೊಟ್ಟ ವಿಷಯ. ಈ ಬೇಸಿಗೆಯಲ್ಲಿ ಕಣ್ಣಿಗೆ ಕಾಣುವ ಫಲ ತೋರಿಸದಿದ್ದರೆ ನೋಂದಣಿ ರದ್ದು ಎಂದೂ ಹೇಳಿದ್ದರು.

೧. ಗಟಾರದ ಬೆಲೆ

ಮುದ್ದೇಬಿಹಾಳದಲ್ಲಿ ನೂಲಿಗೆ ಬಣ್ಣ ಹಾಕುವವನೊಬ್ಬನಿದ್ದ. ಒಂದು ಕ್ಯಾನ್ ಬಳಸಿದ ನೀರು ಕೇಳಿದೆ.

"ನಾವು ಗಟಾರಕ್ಕ ಏನೂ ಬಿಡೂದಿಲ್ರಿ," ಎಂದ. ಅವನ ಕಾಲ ಬಳಿ ಗಟಾರ ಕೆಂಪಗೆ ಹರಿಯುತ್ತಿತ್ತು.

"ನಾ ಸರ್ಕಾರದಾವ ಅಲ್ರಿ. ಸಂಶೋಧನಾಕ್ಕ ಬೇಕು."

"ಅಂದ್ರ ಇದರಾಗ ಏನರ ಸಿಗತೈತೇನ್ರಿ?"

ಅರ್ಧ ಕ್ಯಾನ್ ಕೊಟ್ಟ, ಅದೂ ಮನಸ್ಸಿಲ್ಲದೆ. ಮುಂದಿನ ಸಲ ಹೋದಾಗ ಗಟಾರ ಒಣಗಿತ್ತು. ನೀರನ್ನೆಲ್ಲ ಬ್ಯಾರಲ್ಲಿಗೆ ತುಂಬಿ, ಮುಚ್ಚಳದ ಮೇಲೆ ಕಲ್ಲು ಹೇರಿ ಕಾಯುತ್ತಿದ್ದ. ಮಾಲಿನ್ಯ ತಡೆಗಟ್ಟುವಲ್ಲಿ ಇಂದಿನವರೆಗೆ ನನ್ನ ಸಾಧನೆ ಅಷ್ಟೇ.

೨. ಧೋತರ

ಆ ಅರ್ಧ ಕ್ಯಾನ್ ಬಸವನ ಬಾಗೇವಾಡಿ ಮುಟ್ಟುವ ಮುಂಚೆಯೇ ಬಸ್ಸಿನಲ್ಲಿ ಸೋರಿತು. ಸೋರಿದ್ದು ಪಕ್ಕದ ಯಜಮಾನರ ಬಿಳಿ ಧೋತರದ ಮೇಲೆ.

"ಏನ್ರೀ ಇದು?"

"ಚಿಂತಿ ಮಾಡಬ್ಯಾಡ್ರಿ ಯಜಮಾನ್ರ. ಈ ಬಣ್ಣ ತಗಿಯೂದ ನನ್ನ ಕೆಲಸ."

"ಹಂಗಾದ್ರ ತಗೀರಿ."

"ಅದು... ಇನ್ನೂ ಪ್ರಯೋಗದಾಗ ಐತ್ರಿ."

ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ಯಜಮಾನರು ಕಂಡಕ್ಟರನಿಗೆ ಹೇಳಿದರು: "ಇವರಿಗೆ ಅರ್ಧ ಟಿಕೀಟ ಕೊಡಪಾ. ಇನ್ನೂ ಸಾಲಿ ಮುಗಿಸಿಲ್ಲಂತ."

೩. ಡಬ್ಬಿ

ಪುಡಿ ದೂರದೂರಿಂದ ಪಾರ್ಸೆಲ್ಲಿನಲ್ಲಿ ಬಂತು. ಮರುದಿನ ಮುಂಜಾನೆ ನಮ್ಮ ಮನೆ ಮಾಲಕಿ ಅವ್ವನ ಅಂಗಳದಲ್ಲಿ ಹಿಂದೆಂದೂ ಕಾಣದಷ್ಟು ಬೆಳ್ಳಗಿನ ರಂಗೋಲಿ.

"ನಿಮ್ಮ ಪುಡಿ ಭಾಳ ಚಲೋ ಐತ್ರಿ ಮಾಸ್ತರ. ಗಂಡಸರು ಇದನ್ನ ಡಬ್ಬ್ಯಾಗ ಇಟಗೊಂಡು ಏನ ಮಾಡತೀರಿ?"

ಮುಂದೆ ವಿಶ್ವವಿದ್ಯಾಲಯವೂ ನನಗೆ ಇದೇ ಪ್ರಶ್ನೆ ಕೇಳಿತು. ಇಷ್ಟು ಸ್ಪಷ್ಟವಾಗಿ ಅಲ್ಲ.

೪. ಎರಡು ತಟ್ಟೆ

ಗೈಡ್ ಬರುವ ದಿನ ಬಂತು. ಮುಂಜಾನೆಯೇ ಮಾಳಿಗೆಯ ಮೇಲೆ ಎರಡು ತಟ್ಟೆಗಳಲ್ಲಿ ಕ್ಯಾನಿನ ತಳದಲ್ಲಿ ಸೋರದೆ ಉಳಿದಿದ್ದ ಕೆಂಪು ನೀರು, ರಂಗೋಲಿಗೆ ಹೋಗಿ ಉಳಿದ ಪುಡಿ ಹಾಕಿಟ್ಟೆ. ಒಂದು ಬಿಸಿಲಿಗೆ, ಇನ್ನೊಂದು ಕರಿ ಬಟ್ಟೆಯ ಕೆಳಗೆ. ಬಿಸಿಲಿನದು ತಿಳಿಯಾಗಬೇಕು, ಮುಚ್ಚಿದ್ದು ಕೆಂಪಗೇ ಉಳಿಯಬೇಕು. ಆ ವ್ಯತ್ಯಾಸವೇ ನನ್ನ ಪಿಎಚ್.ಡಿ. ಮಾಲಕಿ ಅವ್ವನಿಗೆ "ಯುನಿವರ್ಸಿಟಿಯವರು ಬರತಾರ" ಎಂದಷ್ಟೇ ಹೇಳಿ ಬಸ್ ಸ್ಟ್ಯಾಂಡಿಗೆ ಹೋದೆ.

ಮಧ್ಯಾಹ್ನ ಗೈಡ್ ಮಾಳಿಗೆ ಹತ್ತಿದರು. ಬಿಸಿಲಿನ ತಟ್ಟೆಯಲ್ಲಿ ನೀರು ಕನ್ನಡಿಯಂತಿತ್ತು. ಅವರು ನನ್ನ ಬೆನ್ನು ತಟ್ಟಿದರು. ಅಷ್ಟು ವರ್ಷಗಳಲ್ಲಿ ಮೊದಲ ಸಲ. ನನ್ನ ಕಣ್ಣು ತುಂಬಿತು. ಆಮೇಲೆ ಕರಿ ಬಟ್ಟೆ ಎತ್ತಿದರು. ಅದೂ ಕನ್ನಡಿಯೇ.

"ಕತ್ತಲದಾಗ ಇದ್ದದ್ದು ಹೆಂಗ ತಿಳಿ ಆತೋ?"

"ಇದು ಹೊಸಾ ಶೋಧ ಇರಬಹುದ್ರಿ ಸರ," ಎಂದೆ. ನಾಚಿಕೆಯಿಲ್ಲದೆ, ನಂಬಿಯೇ ಎಂದೆ.

ಅಷ್ಟರಲ್ಲಿ ಮಾಲಕಿ ಅವ್ವ ಚಹಾ ತಂದಳು. "ದೊಡ್ಡ ಮಂದಿ ಬರೋ ಮನಿ, ಹೊಲಸು ನೀರು ಇಟ್ಟು ಹೋಗಿದ್ರಿ ಮಾಸ್ತರ. ಎಲ್ಲಾ ಚೆಲ್ಲಿ, ತಟ್ಟಿ ತಿಕ್ಕಿ, ಕುಡಿಯೂ ನೀರು ಹಾಕೀನಿ. ಆ ಮುಚ್ಚಿಟ್ಟಿದ್ದೂ ಬಿಟ್ಟಿಲ್ಲ."

ಗೈಡ್ ಚಹಾ ಮುಗಿಸಿ ಕಪ್ಪು ಕೆಳಗಿಟ್ಟರು. ಆಮೇಲೆ ಕೇಳಿದರು: "ಎಷ್ಟೊತ್ತು ಹಿಡೀತವ್ವಾ?"

"ಎಲ್ಲಿ ಹೊತ್ತ್ರೀ? ಒಂದು ಕೊಡಾ ನೀರು, ಅಷ್ಟ."

ಗೈಡ್ ನನ್ನತ್ತ ತಿರುಗಿದರು. "ಇನ್ನೊಂದು ಬ್ಯಾಸಗಿ ಕೊಡತೇನಿ, ತಮ್ಮಾ. ಆದರ ಮುಂದಿನ ಸಲ ಹೋಲಿಸಿ ನೋಡಾಕ ಮೂರನೇದೊಂದು ತಟ್ಟಿ ಇಡು. ಈ ಅವ್ವಂದು."